ಪಾಸ್ ಆಗಿದೆ, ಮುಟ್ಟಬೇಡ

ಹೋದ ತಿಂಗಳು ತವರಿಗೆ ಹೋದಾಗ ಅಟ್ಟದ ಮೇಲಿದ್ದ ತಗಡಿನ ಟ್ರಂಕು ಇಳಿಸಿ ಮುಚ್ಚಳ ತೆಗೆದೆ. ಗಪ್ಪೆಂದು ಹೊಗೆಸೊಪ್ಪಿನ ವಾಸನೆ ಬಂತು. ಬೀಡಿ ಸಿಗರೇಟಿನ ವಾಸನೆಯಲ್ಲ. ಬ್ಯಾರನ್ನಿನಲ್ಲಿ ಹದವಾಗಿ ಬೆಂದು ಹಳದಿಯಾದ ಎಲೆಯ, ಬೆಲ್ಲದ ಪಾಕದಂಥ ಸಿಹಿ ವಾಸನೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹುಟ್ಟಿದವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೇರೆಯವರಿಗೆ ಹೇಳುವುದಾದರೆ, ಬ್ಯಾರನ್ ಅಂದರೆ ಹಸಿ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದ ಮಾಡುವ, ಕಿಟಕಿಯಿಲ್ಲದ ಎತ್ತರದ ಮನೆ. ನಮ್ಮ ಹೊಲದ ಮೂಲೆಯಲ್ಲಿ ಈಗಲೂ ಒಂದಿದೆ. ಆದರೆ ಟ್ರಂಕಿನಲ್ಲಿ ಇದ್ದದ್ದು ಹೊಗೆಸೊಪ್ಪಲ್ಲ. ಒಂದು ಟೀವಿ ಗೇಮು, ಅದರ ಎರಡು ಜಾಯ್‌ಸ್ಟಿಕ್ಕು, ನಾಲ್ಕು ಕ್ಯಾಸೆಟ್ಟು. ಇಪ್ಪತ್ತೈದು ವರ್ಷ ಕಳೆದರೂ ಆ ಪ್ಲಾಸ್ಟಿಕ್ಕು ಆ ಒಂದು ವರ್ಷದ ವಾಸನೆಯನ್ನು ಬಿಟ್ಟುಕೊಟ್ಟಿರಲಿಲ್ಲ.

ಜಾಯ್‌ಸ್ಟಿಕ್ಕುಗಳನ್ನು ಸೀರೆಯ ಸೆರಗಿನಲ್ಲಿ ಒರೆಸಿ ಬೆಳಕಿಗೆ ಹಿಡಿದೆ. ಒಂದರಲ್ಲಿ ಗುಂಡು ಹೊಡೆಯುವ ಕೆಂಪು ಗುಂಡಿ ಸವೆದು ನುಣ್ಣಗಾಗಿತ್ತು. ಅದು ನನ್ನದು. ಇನ್ನೊಂದರಲ್ಲಿ ಕೆಂಪು ಗುಂಡಿ ಅಷ್ಟಾಗಿ ಸವೆದಿರಲಿಲ್ಲ, ಸವೆದು ಅಕ್ಷರ ಅಳಿಸಿಹೋಗಿದ್ದು ನಡುವಿನ ಪುಟ್ಟ ಗುಂಡಿಯದು. ಅದು ಆಟವನ್ನು ನಿಂತಲ್ಲೇ ನಿಲ್ಲಿಸುವ ಗುಂಡಿ. ಅದನ್ನು ಸವೆಸಿದವರು ಯಾರು ಎನ್ನುವುದೇ ಈ ಕಥೆ.

ನಾನು ಪಿರಿಯಾಪಟ್ಟಣದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಸಾಯಂಕಾಲ ಮನೆಗೆ ಬಂದು ಗೇಮ್ ಆಡುತ್ತೇನೆ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದರೆ "ಈ ವಯಸ್ಸಿನಲ್ಲಾ ಮೇಡಂ?" ಎಂದು ಹುಬ್ಬೇರಿಸುತ್ತಾರೆ. ಹಾಗೆ ಕೇಳುವವರು ದಿನಕ್ಕೆ ಮೂರು ಧಾರಾವಾಹಿ ನೋಡುವವರು. ನನಗೆ ನನ್ನವೇ ಅಭಿಪ್ರಾಯಗಳಿವೆ, ಯಾರೂ ಕೇಳದಿದ್ದರೂ ಹೇಳುವ ಅಭ್ಯಾಸವೂ ಇದೆ. ಕನ್ಸೋಲ್ ಅಂದರೆ ಬೀದಿ ನಲ್ಲಿ, ತಿರುಗಿಸಿದರೆ ನೀರು. ಪಿ.ಸಿ. ಅಂದರೆ ಸ್ವಂತ ಬೋರ್‌ವೆಲ್ಲು. ನೀರು ಜೋರಾಗಿ ಬರುತ್ತದೆ, ನಿಜ, ಆದರೆ ಆಗಾಗ ಮೋಟಾರು ಎತ್ತಿ ಇಳಿಸುವುದರಲ್ಲೇ ಆಯಸ್ಸು ಹೋಗುತ್ತದೆ. ಹುಣಸೂರಿನಲ್ಲಿ ಮೊದಮೊದಲು ಕಂಪ್ಯೂಟರ್ ಸೆಂಟರುಗಳು ಬಂದಾಗ ಟೈಪಿಂಗ್ ಕಲಿಯುವ ನೆಪದಲ್ಲಿ ಕೀಬೋರ್ಡಿನ ಬಾಣದ ಗುರುತುಗಳಲ್ಲಿ ಕಾರು ಓಡಿಸಿದವಳು ನಾನು. ಕೆಲಸ ಸಿಕ್ಕ ಮೇಲೆ ಒಂದೊಂದೇ ಭಾಗ ತಂದು ಜೋಡಿಸಿಕೊಂಡ ಪಿ.ಸಿ.ಯನ್ನು ನನ್ನ ಗಂಡ "ನಿನ್ನ ಎರಡನೇ ತವರು" ಎನ್ನುತ್ತಾರೆ. ಈಗಿನ ಆಟಗಳಲ್ಲಿ ಹುಲ್ಲಿನ ಮೇಲಿನ ಇಬ್ಬನಿಯೂ ಕಾಣುತ್ತದೆ, ಒಪ್ಪಿದೆ. ಆದರೆ ಆಡೋಣವೆಂದು ಕೂತರೆ ಮೊದಲು ಅರ್ಧ ಗಂಟೆ ಅಪ್‌ಡೇಟು. ಒಗ್ಗರಣೆಗೇ ಅರ್ಧ ದಿನವಾದರೆ ಊಟ ಯಾವಾಗ? ಹಳೆಯ ಟೀವಿ ಗೇಮಿಗೆ ಈ ರಗಳೆ ಇರಲಿಲ್ಲ. ಕ್ಯಾಸೆಟ್ಟಿನ ಬಾಯಿಗೆ ಒಮ್ಮೆ ಉಫ್ ಎಂದು ಊದಿ ಸಿಕ್ಕಿಸಿದರೆ ಆಟ ಶುರು. ಊದುವುದರಿಂದ ಏನೂ ಪ್ರಯೋಜನವಿಲ್ಲ, ಎಂಜಲಿನ ತೇವಕ್ಕೆ ತುಕ್ಕು ಹಿಡಿಯುತ್ತದೆ ಎಂದು ಆಮೇಲೆ ತಿಳಿದವರು ಹೇಳಿದರು. ಹೇಳಲಿ. ಅವತ್ತು ಟ್ರಂಕಿನ ಮುಂದೆ ಕೂತು ನಾನು ಮೊದಲು ಮಾಡಿದ್ದು ಊದುವುದನ್ನೇ.

ಆ ವರ್ಷ ಅಂದರೆ ತೊಂಬತ್ತರ ದಶಕದ ಕೊನೆಯ ಒಂದು ವರ್ಷ. ನಾನು ಸೆಕೆಂಡ್ ಪಿಯುಸಿಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದಿದ್ದೆ. ಈಗ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಎಲೆ ಅಡಿಕೆ ಹಾಕಿಕೊಂಡು, ಜಗಲಿಯ ಮೇಲೆ ಕೂತು, ತೀರ್ಪು ಕೊಟ್ಟರು.

"ಸೆಪ್ಟೆಂಬರಲ್ಲಿ ಇನ್ನೊಂದ್ಸಲ ಕಟ್ಟವ್ವ. ಪಾಸಾದ್ರೆ ಡಿಗ್ರಿ ಓದು, ನಾನು ಬ್ಯಾಡ ಅನ್ನಾಕಿಲ್ಲ. ಫೇಲಾದ್ರೆ ಗಂಡು ನೋಡ್ತೀನಿ. ಆಮ್ಯಾಕೆ ಅತ್ತು ಕರೆದು ಮಾಡಂಗಿಲ್ಲ."

ಅದು ನ್ಯಾಯವಾದ ಮಾತೇ. ಹಾಗಾಗಿಯೇ ನನಗೆ ಅಷ್ಟು ಭಯವಾಗಿದ್ದು.

ಅದೇ ಬೇಸಿಗೆಯಲ್ಲಿ ಅಣ್ಣನ ಮದುವೆಯಾಗಿತ್ತು. ಅತ್ತಿಗೆ ಸಾವಿತ್ರಿ ಸರಗೂರಿನವರು. ನನಗಿಂತ ಎರಡೇ ವರ್ಷ ದೊಡ್ಡವರು, ಕೋಟೆ ಪಟ್ಟಣದ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಫಸ್ಟ್ ಕ್ಲಾಸಿನಲ್ಲಿ ಪಾಸಾದವರು. ಮದುವೆಯಾದ ಹೊಸತರಲ್ಲಿ ಅವರ ಗಂಟಲು ಹೇಗಿದೆ ಎನ್ನುವುದೇ ನಮಗೆ ಗೊತ್ತಿರಲಿಲ್ಲ, ಅಷ್ಟು ಮೌನ. ಆಷಾಢ ಬಂತು, ಪದ್ಧತಿಯಂತೆ ತವರಿಗೆ ಹೋದರು. ಶ್ರಾವಣದಲ್ಲಿ ಅಣ್ಣ ಹೋಗಿ ಕರೆದುಕೊಂಡು ಬಂದಾಗ ಚಕ್ಕುಲಿ, ಕಜ್ಜಾಯದ ಡಬ್ಬಗಳ ಜೊತೆ ಟವೆಲಿನಲ್ಲಿ ಸುತ್ತಿದ ಇನ್ನೊಂದು ಗಂಟು ಬಂತು. ನಾಲ್ಕನೆಯ ದಿನ, ಎಲ್ಲರೂ ಹೊಲಕ್ಕೆ ಹೋಗಿದ್ದಾಗ, ಅತ್ತಿಗೆ ನನ್ನನ್ನು ಒಳಗೆ ಕರೆದು ಗಂಟು ಬಿಚ್ಚಿದರು.

"ಮಂಜು, ನಿಂಗೆ ಟೀವಿ ಗೇಮ್ ಆಡಕ್ಕೆ ಬತ್ತದಾ?"

ಅವರ ಅಪ್ಪ ಶುಂಠಿ ವ್ಯಾಪಾರಕ್ಕೆ ಗಡಿಯಾಚೆಯ ಮಾನಂದವಾಡಿಗೆ ಹೋಗಿ ಬರುತ್ತಿದ್ದವರು. ಅಲ್ಲಿಯ ಅಂಗಡಿಯಲ್ಲಿ ದುಬೈ ಮಾಲು ಎಂದು ಕೊಟ್ಟದ್ದನ್ನು ಹೆಣ್ಣುಮಕ್ಕಳಿಗೆಂದು ತಂದಿದ್ದರಂತೆ. ಒಂದು ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟ ಎಂದು ಬರೆದಿತ್ತು. ಇದ್ದದ್ದು ಏಳು, ಅವೇ ಸುತ್ತಿ ಸುತ್ತಿ ಬರುತ್ತಿದ್ದವು. ಅತ್ತಿಗೆ ಟೀವಿಯ ಹಿಂದೆ ವಯರು ಸಿಕ್ಕಿಸಿ ಚಾನೆಲ್ ತಿರುಗಿಸಿದರು. ಇರುವೆ ಮುತ್ತಿದಂತಿದ್ದ ಪರದೆ ತಿಳಿಯಾಗಿ, ಟುಂಯ್ ಟುಂಯ್ ಎಂದು ಸಂಗೀತ ಶುರುವಾದಾಗ ನಮ್ಮ ಮನೆಯ ಮೌನದ ಸೊಸೆ ಬದಲಾಗಿಬಿಟ್ಟರು. "ಆರು, ಆರು, ನೆಗಿ! ಅಯ್ಯೋ, ಅತ್ಲಾಗಲ್ಲ ಕಣೇ, ಇತ್ಲಾಗೆ!" ನಾನೂ ಅಷ್ಟೆ, "ಅತ್ತಿಗೆ, ನೀವು" ಎಂದು ಶುರು ಮಾಡಿದವಳು ಹತ್ತು ನಿಮಿಷದಲ್ಲಿ "ಒಡೀ ಅಂತಿಲ್ವಾ, ಒಡಿಯೇ!" ಎಂದು ಕಿರುಚುತ್ತಿದ್ದೆ. ಜಾಯ್‌ಸ್ಟಿಕ್ಕಿನ ವಯರು ಗಿಡ್ಡ. ಟೀವಿಯಿಂದ ಮೂರಡಿಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡೇ ಕೂರಬೇಕು. ಈಗ ವಯರಿಲ್ಲದ ಜಾಯ್‌ಸ್ಟಿಕ್ ಬಂದು, ಆಡುವವರು ಒಬ್ಬರು ಸೋಫಾದಲ್ಲಿ, ಇನ್ನೊಬ್ಬರು ಬೇರೆ ದೇಶದಲ್ಲಿ ಕೂತಿರುತ್ತಾರೆ. ನನ್ನ ಮಟ್ಟಿಗೆ ಆ ಗಿಡ್ಡ ವಯರಿನಷ್ಟು ಒಳ್ಳೆಯದನ್ನು ಯಾರೂ ಮತ್ತೆ ಕಂಡುಹಿಡಿಯಲಿಲ್ಲ.

ಗುಟ್ಟು ಒಂದು ವಾರವೂ ಉಳಿಯಲಿಲ್ಲ. ಪಿಕ್ಚರ್ ಟ್ಯೂಬು ಸುಟ್ಟುಹೋಗುತ್ತದೆ ಎಂದು ಅಪ್ಪ ಗೊಣಗಿದರು. ಅವ್ವ ಕೆಲಸ ಮುಗಿದಿದ್ದರೆ ಏನಾದರೂ ಮಾಡಿಕೊಳ್ಳಿ ಎಂದಳು. ಅಜ್ಜಿ, ಅಂದರೆ ಅಪ್ಪನ ತಾಯಿ ನಿಂಗಮ್ಮ, ಕಂಬಕ್ಕೆ ಒರಗಿ ಕೂತು ನಾನು ಜಾಯ್‌ಸ್ಟಿಕ್ ಹಿಡಿದು ಎಡಕ್ಕೂ ಬಲಕ್ಕೂ ವಾಲುವುದನ್ನು ನೋಡಿದಳು.

"ಅದ್ಯಾಕವ್ವ ಅಂಗೆ ಕುಣೀತೀಯೆ? ಆರೋನು ಪೆಟ್ಗೆ ಒಳಗವ್ನೆ ತಾನೆ?"

ಅಜ್ಜಿಗೆ ಆಟದ ಮೇಲೆ ಸಿಟ್ಟಿರಲಿಲ್ಲ, ಕೆಂಪು ದೀಪದ ಮೇಲೆ ಇತ್ತು. ಎಲ್ಲಿ ಕೆಂಪು ದೀಪ ಕಂಡರೂ "ಕರೆಂಟು ಸುಮ್ಕೆ ಉರೀತಾ ಅದೆ" ಎಂದು ಸ್ವಿಚ್ಚು ಆರಿಸಿಬಿಡುವಳು. ಆ ಕಾಲದ ಆಟಗಳಲ್ಲಿ ಸೇವ್ ಮಾಡಿಕೊಳ್ಳುವ ಸೌಲಭ್ಯ ಇರಲಿಲ್ಲ. ಆರಿಸಿದರೆ ಎಲ್ಲವೂ ಹೋಯಿತು, ಮತ್ತೆ ಮೊದಲಿಂದ. ಅವ್ವ ನೀರಿಗೆ ಕೂಗಿದರೆ, ಎಮ್ಮೆ ಹಗ್ಗ ಕಿತ್ತುಕೊಂಡರೆ, ಇರುವ ದಾರಿ ಒಂದೇ: ನಡುವಿನ ಗುಂಡಿ ಒತ್ತಿ ಆಟವನ್ನು ನಿಲ್ಲಿಸಿ ಹೋಗುವುದು. ಆಗ ಪರದೆಯ ನಡುವೆ ಇಂಗ್ಲಿಷಿನಲ್ಲಿ ಐದು ಅಕ್ಷರ ಬರುತ್ತಿತ್ತು. ಅದನ್ನು ಪಾಝ್ ಎನ್ನಬೇಕೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಬಿ.ಎಡ್. ಓದುವಾಗ ಜೊತೆಯವರು ನಕ್ಕ ಮೇಲೆ. ಅಲ್ಲಿಯವರೆಗೆ ನನಗೂ ಅತ್ತಿಗೆಗೂ ಅದು ಪಾಸ್. "ಪಾಸ್ ಮಾಡಿದೀನಿ, ಈಗ್ಬಂದೆ." "ಅಜ್ಜಿ, ಪಾಸ್ ಆಗಿದೆ, ಮುಟ್ಬೇಡ." ದಿನಕ್ಕೆ ಹತ್ತು ಸಲ ಈ ಮಾತು ನಮ್ಮ ಮನೆಯಲ್ಲಿ ಕೇಳುತ್ತಿತ್ತು.

ಆಟಗಳಿಗೂ ನಾವೇ ಹೆಸರಿಟ್ಟಿದ್ದೆವು. ಟ್ಯಾಂಕಿ ಆಟ, ಮೀಸೆ ಆಟ, ಇಬ್ಬರೂ ಜೊತೆಯಾಗಿ ಬಂದೂಕು ಹಿಡಿದು ಕಾಡಿನಲ್ಲಿ ನುಗ್ಗುವ ಇಬ್ಬರಾಟ. ಈ ಇಬ್ಬರಾಟದಲ್ಲಿ ಒಂದು ವಿಶೇಷ. ನಮ್ಮ ಜೀವಗಳೆಲ್ಲ ಮುಗಿದರೆ ಜೊತೆಯವರ ಜೀವಗಳಲ್ಲಿ ಒಂದನ್ನು ತೆಗೆದುಕೊಂಡು ಮತ್ತೆ ಎದ್ದು ಬರಬಹುದು. ಅತ್ತಿಗೆ ಇದಕ್ಕೆ ಮುಯ್ಯಿ ಎಂದು ಹೆಸರಿಟ್ಟರು. ನಮ್ಮ ಕಡೆ ನಾಟಿಗೋ ಎಲೆ ಕಟ್ಟುವುದಕ್ಕೋ ಇವತ್ತು ನೀವು ನಮ್ಮ ಹೊಲಕ್ಕೆ ಬಂದರೆ, ನಾಳೆ ನಾವು ನಿಮ್ಮ ಹೊಲಕ್ಕೆ ಬರಬೇಕು, ಅದು ಮುಯ್ಯಾಳು. "ಒಂದು ಮುಯ್ಯಿ ಕೊಡಿ ಅತ್ತಿಗೆ" ಎನ್ನುತ್ತಿದ್ದೆ ನಾನು. ಅವರು ಒಮ್ಮೆಯೂ ಇಲ್ಲ ಎಂದದ್ದಿಲ್ಲ.

ಇದೆಲ್ಲ ಕೆಲಸದ ಸಂದಿಯಲ್ಲಿ. ಶ್ರಾವಣ ಭಾದ್ರಪದ ಅಂದರೆ ಬ್ಯಾರನ್ನಿಗೆ ಪುರುಸೊತ್ತಿಲ್ಲದ ಕಾಲ. ಜಿಟಿಜಿಟಿ ಮಳೆಯಲ್ಲಿ ಗೋಣಿ ಕೊಪ್ಪೆ ಹಾಕಿಕೊಂಡು ಎಲೆ ಮುರಿಯಬೇಕು, ತಂದು ಕಡ್ಡಿಗೆ ಕಟ್ಟಬೇಕು, ಕಟ್ಟಿದ್ದನ್ನು ಬ್ಯಾರನ್ನಿನೊಳಗೆ ಸಾಲುಸಾಲಾಗಿ ನೇತುಹಾಕಬೇಕು. ಕೈಯೆಲ್ಲ ಜಿಗುಟು ಅಂಟಿ ಕಪ್ಪಾಗುತ್ತಿತ್ತು. ಅದೇ ಕೈಯಲ್ಲಿ ಜಾಯ್‌ಸ್ಟಿಕ್ ಹಿಡಿದದ್ದಕ್ಕೇ ಅದಕ್ಕೆ ಈ ವಾಸನೆ. ಬೆಂಕಿ ಹಾಕಿದ ಮೇಲೆ ಐದಾರು ದಿನ ಕಾವು ನೋಡಿಕೊಳ್ಳುವ ಕೆಲಸ ಅಜ್ಜಿಯದು. ಅಜ್ಜಿ ಹೆಬ್ಬೆಟ್ಟು, ಅಂಕಿ ಓದಲು ಬಾರದು. ಆದರೆ ಥರ್ಮಾಮೀಟರಿನ ಮೇಲೆ ಮೂರು ಕಡೆ ಹಳದಿ, ಕೇಸರಿ, ಕೆಂಪು ನೂಲು ಕಟ್ಟಿಟ್ಟಿದ್ದಳು. ಪಾದರಸ ಯಾವ ದಿನ ಯಾವ ನೂಲಿನ ಹತ್ತಿರ ಇರಬೇಕು ಎನ್ನುವುದು ಅವಳಿಗೆ ಬಾಯಿಪಾಠ. ಮೊದಲೆರಡು ದಿನ ಹಳದಿ ನೂಲು ದಾಟಕೂಡದು. ಅವಸರಪಟ್ಟು ಸೌದೆ ತುರುಕಿದರೆ ಎಲೆ ಹಸಿರಾಗಿಯೇ ಒಣಗಿ ನಿಲ್ಲುತ್ತದೆ, ಆಮೇಲೆ ಎಷ್ಟು ಉರಿಸಿದರೂ ಹಳದಿ ಬರುವುದಿಲ್ಲ, ಅದನ್ನು ಯಾರೂ ಕೇಳುವುದಿಲ್ಲ. ಅಪ್ಪ ಅವಸರದವರು. "ಇನ್ನೆರಡು ಕೊಳ್ಳಿ ಆಕ್ಲಾ ಅವ್ವ?" ಎಂದು ಬಂದರೆ ಅಜ್ಜಿ ಒಲೆಯ ಬಾಯಿಗೆ ಅಡ್ಡ ಕೂತುಬಿಡುತ್ತಿದ್ದಳು.

ಬ್ಯಾರನ್ನಿನ ಬಾಗಿಲು ಹೊಗೆಗೆ ಕಪ್ಪಾಗಿ ಒಳ್ಳೆಯ ಬೋರ್ಡಿನಂತಿತ್ತು. ಅತ್ತಿಗೆ ಅದರ ಮೇಲೆ ಸೀಮೆಸುಣ್ಣದಲ್ಲಿ ನನಗೆ ಗಣಿತ ಹೇಳಿಕೊಟ್ಟರು. ಕಾಲೇಜಿನಲ್ಲಿ ಎರಡು ವರ್ಷ ತಲೆಗೆ ಹತ್ತದ ಕ್ಯಾಲ್ಕುಲಸ್ಸು ಆ ಬೆಚ್ಚನೆಯ ಬಾಗಿಲ ಮುಂದೆ ಹತ್ತಿತು. ಲೆಕ್ಕ ತಪ್ಪಿದರೆ "ಒಂದು ಜೀವ ಓಯ್ತು" ಎನ್ನುತ್ತಿದ್ದರು. ಮೂರು ತಪ್ಪಿದರೆ ಅವತ್ತು ಟೀವಿ ಇಲ್ಲ. ಒಮ್ಮೆ ನಾನು ಕೇಳಿದೆ, "ಇಷ್ಟು ಬತ್ತದಲ್ಲ, ನೀವ್ಯಾಕೆ ಮುಂದಕ್ಕೆ ಓದ್ಲಿಲ್ಲ?"

ಅತ್ತಿಗೆ ಸೀಮೆಸುಣ್ಣವನ್ನು ಬೆರಳಿನಲ್ಲಿ ಉರುಳಿಸುತ್ತಾ ಹೇಳಿದರು. "ನಿಮ್ಮಣ್ಣ ನೋಡಕ್ಕೆ ಬಂದಾಗ ನಮ್ಮಪ್ಪ, ನೋಡೋದಷ್ಟೆ ಕಣವ್ವ, ನೋಡಿದ್ ಮಾತ್ರಕ್ಕೆ ಆಗೋಯ್ತದಾ ಅಂದ್ರು. ಆಗೋಯ್ತು." ಆಮೇಲೆ ನಕ್ಕು, "ನಿಮ್ಮಣ್ಣ ಒಳ್ಳೆಯವ್ರು ಬುಡು. ಅದಲ್ಲ ಮಾತು" ಎಂದರು. ಅದಲ್ಲ ಮಾತು ಎಂದು ನನಗೂ ಅರ್ಥವಾಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಹುಣಸೂರಿಗೆ ಹೋಗಿ ಪರೀಕ್ಷೆ ಬರೆದು ಬಂದೆ. ಹೇಗೆ ಬರೆದೆ ಎಂದು ಕೇಳಿದವರಿಗೆಲ್ಲ "ಪರವಾಗಿಲ್ಲ" ಎಂದೆ. ರಿಸಲ್ಟು ತಡವಾಯಿತು. ಅಷ್ಟರಲ್ಲಿ ಬ್ಯಾರನ್ನು ಆರಿ, ಮನೆಯೊಳಗೆ ಎಲೆ ವಿಂಗಡಿಸುವ ಕೆಲಸ ಶುರುವಾಗಿತ್ತು. ನಡುಮನೆಯ ತುಂಬ ಹೊಳಪಿನದು, ಮಚ್ಚೆಯದು, ಕಂದುಬಣ್ಣದ್ದು ಎಂದು ಬೇರೆಬೇರೆ ಗುಡ್ಡೆ. ಆ ಗುಡ್ಡೆಗಳ ನಡುವೆ ನಡೆಯಲು ಒಂದು ಕಾಲಿನಷ್ಟು ದಾರಿ, ಆಚೆ ಗೋಡೆಗೆ ಟೀವಿ.

ಆಗ ಅಪ್ಪನ ಪರಿಚಯದ ಪುಟ್ಟಸ್ವಾಮಿ ಎನ್ನುವವರು ಕೆ.ಆರ್. ನಗರದ ಕಡೆಯ ಒಂದು ಸಂಬಂಧ ಹಿಡಿದು ತಂದರು. ನಾಲೆ ನೀರಿನ ಗದ್ದೆ, ಎರಡು ಬೆಳೆ ಭತ್ತ, ಒಬ್ಬನೇ ಮಗ. ಮಳೆ ನಂಬಿಕೊಂಡ ನಮ್ಮಂಥವರಿಗೆ ನಾಲೆ ನೀರು ಅಂದರೆ ಸ್ವರ್ಗಕ್ಕೆ ಮೂರೇ ಗೇಣು. ಅಪ್ಪನ ಕಣ್ಣು ಅರಳಿದ್ದು ನನಗೆ ಕಾಣಿಸಿತು. ರಿಸಲ್ಟು ಬರುವವರೆಗೂ ತಡೆಯಿರಿ ಎಂದರೆ ಗಂಡಿನ ಕಡೆಯವರು ತಡೆಯುವುದಿಲ್ಲವಂತೆ.

"ಅಪ್ಪ, ರಿಸಲ್ಟು ಬರಲಿ ಅಂದಿದ್ರಿ" ಎಂದೆ.

"ನೋಡೋದಷ್ಟೆ ಕಣವ್ವ" ಎಂದರು ಅಪ್ಪ. "ನೋಡಿದ್ ಮಾತ್ರಕ್ಕೆ ಆಗೋಯ್ತದಾ?"

ಅಡುಗೆಮನೆಯಲ್ಲಿ ಅತ್ತಿಗೆಯ ಕೈಯಿಂದ ಲೋಟ ಬಿದ್ದ ಸದ್ದು ಕೇಳಿತು. ಅಜ್ಜಿ ಎಲೆ ವಿಂಗಡಿಸುತ್ತಿದ್ದವಳು ತಲೆಯೆತ್ತಲಿಲ್ಲ.

ಅವರು ಬರುವುದೆಂದು ನಿಗದಿಯಾದದ್ದು ವಿಜಯದಶಮಿ ಕಳೆದ ಭಾನುವಾರ. ಬಿಳಿಕೆರೆಯಲ್ಲಿ ಬಸ್ಸು ಬದಲಿಸಿ ಬರುವಷ್ಟರಲ್ಲಿ ಊಟದ ಹೊತ್ತಾಗುತ್ತದೆ ಎಂದು ಅಪ್ಪನ ಲೆಕ್ಕ. ಬೆಳಗಿನಿಂದ ನಾನು ಒಂದೇ ಸೀರೆಯನ್ನು ಬಿಚ್ಚಿ ಮಡಿಸುತ್ತಿದ್ದೆ. "ಬಾ, ಒಂದಾಟ ಆಡು, ಎದೆ ಅಗುರಾಯ್ತದೆ" ಎಂದು ಅತ್ತಿಗೆ ಇಬ್ಬರಾಟ ಹಾಕಿದರು. ಭಯಕ್ಕೋ ಏನೋ, ಅವತ್ತು ಇಬ್ಬರ ಕೈಯೂ ಹಿಂದೆಂದೂ ಆಡದಂತೆ ಆಡಿತು. ಕಾಡು ದಾಟಿದೆವು, ಜಲಪಾತ ಹತ್ತಿದೆವು, ಹಿಮ ದಾಟಿದೆವು. ಎಂದೂ ಕಾಣದ ಕೊನೆಯ ಹಂತಕ್ಕೆ ಬಂದೆವು. ನನ್ನ ಜೀವ ಮುಗಿದು ಅತ್ತಿಗೆಯದೊಂದು ಮುಯ್ಯಿ ತೆಗೆದುಕೊಂಡಿದ್ದೆ, ಅವರಿಗೆ ಉಳಿದದ್ದೂ ಒಂದೇ. ಅಷ್ಟರಲ್ಲಿ ಹೊರಗೆ ಜೀಪಿನ ಸದ್ದು. ಬಸ್ಸು ನಂಬದೆ ಜೀಪು ಮಾಡಿಕೊಂಡು ಹನ್ನೊಂದಕ್ಕೇ ಬಂದಿಳಿದಿದ್ದರು.

"ಪಾಸ್ ಮಾಡು, ಪಾಸ್ ಮಾಡು!" ಎಂದರು ಅತ್ತಿಗೆ. ಒತ್ತಿದೆ. ಟೀವಿಯ ಮೇಲೆ ಅತ್ತಿಗೆ ಟವೆಲ್ ಎಸೆದರು. ನಾನು ಸೀರೆ ಉಡಲು ಓಡುವ ಮುಂಚೆ, ಮೂಲೆಯಲ್ಲಿ ಎಲೆ ವಿಂಗಡಿಸುತ್ತಿದ್ದ ಅಜ್ಜಿಗೆ ಕೈಮುಗಿದು ಹೇಳಿದೆ.

"ಅಜ್ಜಿ, ಪಾಸ್ ಆಗಿದೆ, ಆರಿಸ್ಬೇಡ. ಮುಟ್ಲೇಬೇಡ."

ಅಜ್ಜಿ ಮಡಿಲಿನ ಎಲೆ ಕೊಡವಿಕೊಂಡು ಎದ್ದು ಜಗಲಿಗೆ ಹೋದಳು.

ನಾನು ಕಾಫಿ ತಟ್ಟೆ ಹಿಡಿದು ಬಾಗಿಲ ಹಿಂದೆ ನಿಂತಾಗ ಗಂಡಿನ ಸೋದರಮಾವ ಮಾತಾಡುತ್ತಿದ್ದರು. ಗಂಡು ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು ಕೂತಿದ್ದ.

"ಉಡ್ಗಿ ಪಿಯುಸಿ ಫೇಲು ಅಂದ್ರು ನಮ್ ಪುಟ್ಟಸ್ವಾಮಿ. ನಮ್ಗೇನ್ ಅದ್ರಿಂದ ತೊಂದ್ರೆ ಇಲ್ಲ ಗೌಡ್ರೆ. ನಮ್ ಉಡ್ಗನೂ ಎಸ್ಸೆಲ್ಸಿಗೆ ಸಾಕು ಅಂದೋನು. ಜೋಡಿ ಸರ್ಯಾಗಿರ್ತದೆ."

ಫೇಲಾದದ್ದೇ ನನ್ನ ಯೋಗ್ಯತೆ ಎಂದು ಆಗ ತಿಳಿಯಿತು.

"ಯಾರಪ್ಪ ಫೇಲು ಅಂದೋರು?" ಅಜ್ಜಿಯ ದನಿ. "ನಮ್ ಮಂಜಿ ಪಾಸಾದ್ಳು. ಈಗ್ತಾನೆ."

ಅಪ್ಪ ಗಾಬರಿಯಿಂದ ತಿರುಗಿದರು. "ಅವ್ವ, ಈಗ್ತಾನೆ ಅಂದ್ರೆ?"

"ಟೀವೀಲೇ ಬಂತು ಕಣ್ಲಾ. ಇಷ್ಟಗಲ ಅಕ್ಸರದಾಗೆ ಬಂದು ನಿಂತದೆ. ಬೇಕಾರೆ ಓಗಿ ನೋಡಿ."

ಸೋದರಮಾವ ಎದ್ದೇ ಬಿಟ್ಟರು. ಬಾಗಿಲವರೆಗೆ ಬಂದವರು ಹೊಸ್ತಿಲಲ್ಲೇ ನಿಂತರು. ಮುಂದೆ ವಿಂಗಡಿಸಿದ ಎಲೆಯ ಗುಡ್ಡೆಗಳು, ರೈತನಾದವನು ಅದನ್ನು ತುಳಿಯುವುದಿಲ್ಲ. ಟೀವಿಯ ಹತ್ತಿರ ಅತ್ತಿಗೆ ನಿಂತಿದ್ದರು. ಮದುವೆಯಾಗಿ ಆರು ತಿಂಗಳ ಸೊಸೆ, ಮಾವನ ಮುಂದೆ, ಬಂದ ನೆಂಟರ ಮುಂದೆ. ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಟವೆಲಿನ ಅಂಚನ್ನು ನಡುವೆ ಒಂದು ಗೇಣಿನಷ್ಟು ಮಾತ್ರ ಎತ್ತಿ ಹಿಡಿದರು. ಬಂದೂಕು ಹಿಡಿದವರು ಕಾಣಲಿಲ್ಲ. ಕಪ್ಪು ಆಕಾಶದ ಮೇಲೆ ಐದು ಬಿಳಿ ಅಕ್ಷರ ಮಾತ್ರ ಕಂಡವು.

"ಏನ್ಲಾ ಅದು ಬರ್ದಿರೋದು?" ಸೋದರಮಾವ ಗಂಡನ್ನು ಕರೆದರು.

ಆ ಹುಡುಗ ಕತ್ತು ಚಾಚಿ, ಕಣ್ಣು ಕಿರಿದು ಮಾಡಿ, ಅಕ್ಷರ ಕೂಡಿಸಿ ಓದಿದ. "ಪಿ... ಎ... ಪಾ... ಪಾಸ್. ಪಾಸೂ ಅಂತಲೇ ಅದೆ ಮಾವ."

ಅವನ ಓದು ನಮ್ಮ ಓದೇ ಆಗಿತ್ತು. ಆ ಹುಡುಗನಿಗೆ ನಾನು ಈಗಲೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಉಪ್ಪಿಟ್ಟು ತಿಂದರು, ಕಾಫಿ ಕುಡಿದರು. ಮಾತಿನ ಬಿಸಿ ಇಳಿದಿತ್ತು. ಹೊರಡುವಾಗ ಸೋದರಮಾವ ಅಪ್ಪನ ಕೈ ಹಿಡಿದು, "ಓದೋ ಉಡ್ಗಿ, ಓದ್ಲಿ ಬುಡಿ ಗೌಡ್ರೆ. ಯೋಳಿ ಕಳುಸ್ತೀವಿ" ಎಂದರು. ಯಾರೂ ಹೇಳಿ ಕಳಿಸಲಿಲ್ಲ.

ಜೀಪು ಮರೆಯಾದ ಮೇಲೆ ಅಪ್ಪ ಒಳಗೆ ಬಂದು, ಎಲೆಯ ನಡುವಿನ ದಾರಿಯಲ್ಲಿ ನಡೆದು, ಟವೆಲ್ ಪೂರ್ತಿ ಎಳೆದರು. ಇಬ್ಬರು ಬಂದೂಕಿನವರು ಹಾರಿದ ಕಾಲು ನೆಲಕ್ಕೆ ಇಳಿಯದೆ ನಿಂತಿದ್ದರು.

"ಇದಾ ರಿಸಲ್ಟು?"

ಅತ್ತಿಗೆ ಅಳುವುದೊಂದು ಬಾಕಿ. ತಪ್ಪು ನನ್ನದು ಎಂದು ನಾನು ಶುರು ಮಾಡುವಷ್ಟರಲ್ಲಿ ಅಜ್ಜಿ ಅಡ್ಡ ಬಂದಳು. "ನಂಗೇನ್ಲಾ ಗೊತ್ತು, ಎಬ್ಬೆಟ್ಟು ಎಂಗ್ಸು. ಅವ್ಳು ಪಾಸು ಅಂದ್ಳು, ನಾನೂ ಪಾಸು ಅಂದೆ."

ಅಪ್ಪ ಬಾಯಿ ತೆರೆದರು. ಅದೇ ಹೊತ್ತಿಗೆ, ಜಗಲಿಯ ಮಾತು ಕೇಳಿಸಿಕೊಂಡಿದ್ದ ಪಕ್ಕದ ಮನೆಯವರು ಬೇಲಿಯ ಆಚೆಯಿಂದ ಕೂಗಿದರು. "ಸಿದ್ದೇಗೌಡ್ರೇ, ಮಗ್ಳು ಪಾಸಂತಲ್ಲಾ! ಸೀ ಇಲ್ವಾ?" ಅಪ್ಪ ಟೀವಿ ನೋಡಿದರು, ನನ್ನನ್ನು ನೋಡಿದರು, ಬೇಲಿಯ ಕಡೆ ತಿರುಗಿದರು. "ಊಂ ಕಣಪ್ಪ, ಇದೆ, ಬತ್ತೀನಿ ಇರು" ಎಂದರು. ಅವತ್ತು ಸಂಜೆ ಊರಿಗೆ ಸಕ್ಕರೆ ಹಂಚಿದ್ದಾಯಿತು. "ಮಾನ ಓಯ್ತದೆ ಕಣವ್ವ ಈಗ, ಪಾಸಾಗ್ಲೇಬೇಕು ನೀನು" ಎಂದರು ಅಪ್ಪ, ನಾನು ಪೇಪರು ಕೊಟ್ಟು ಬಂದು ತಿಂಗಳಾದ ಮೇಲೆ.

ನಮ್ಮೂರಿನಲ್ಲಿ ಎರಡು ತಾಸು ಕರೆಂಟು ಹೋಗದೆ ಇದ್ದದ್ದು ಆ ಭಾನುವಾರದ ಇನ್ನೊಂದು ಪವಾಡ. ಎಲ್ಲರೂ ಹೊರಗೆ ಹೋದ ಮೇಲೆ ನಾನೂ ಅತ್ತಿಗೆಯೂ ಕೂತು ಗುಂಡಿ ಒತ್ತಿದೆವು. ನಗು ತಡೆಯಲಾಗುತ್ತಿರಲಿಲ್ಲ. ಒಂದೇ ನಿಮಿಷದಲ್ಲಿ ಇಬ್ಬರೂ ಸತ್ತೆವು. ಆ ಕೊನೆಯ ಹಂತಕ್ಕೆ ನಮ್ಮಿಬ್ಬರಿಗೂ ಮತ್ತೆಂದೂ ಹೋಗಲಾಗಲಿಲ್ಲ. ಕೆಲವು ವರ್ಷದ ಹಿಂದೆ ಅದೇ ಆಟವನ್ನು ಪಿ.ಸಿ.ಯಲ್ಲಿ ಹಾಕಿಕೊಂಡು, ಹೆಜ್ಜೆಹೆಜ್ಜೆಗೂ ಸೇವ್ ಮಾಡುತ್ತಾ ಒಂದೇ ಸಂಜೆಯಲ್ಲಿ ಮುಗಿಸಿದೆ. ಕೊನೆಯಲ್ಲಿ ಏನೋ ದ್ವೀಪ ಸಿಡಿಯಿತು. ನೋಡಿ, ಎದ್ದು ಹೋಗಿ ಹಾಲು ಕಾಯಿಸಿದೆ. ಸೇವ್ ಒಳ್ಳೆಯದೇ, ಮಕ್ಕಳಿರುವ ಮನೆಯಲ್ಲಿ ಬೇಕು. ಆದರೆ ಸಾಯುವ ಭಯವಿಲ್ಲದ ಆಟದಲ್ಲಿ ನನ್ನ ಭುಜ ವಾಲುವುದಿಲ್ಲ.

ದೀಪಾವಳಿಯ ಹೊತ್ತಿಗೆ ರಿಸಲ್ಟು ಬಂತು. ಅಪ್ಪ ನನ್ನ ಜೊತೆ ತಾವೂ ಹುಣಸೂರಿಗೆ ಬಂದರು. ಕಾಲೇಜಿನ ಬೋರ್ಡಿನ ಮುಂದೆ ನೂಕುನುಗ್ಗಲು. ನನ್ನ ನಂಬರು ಸಿಕ್ಕಿತು. ಗಣಿತ, ನಲವತ್ತೊಂದು. ಅಪ್ಪ ಬೆರಳಿಟ್ಟು ಎರಡು ಸಲ ನೋಡಿದರು, ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು. ಅಷ್ಟು ಜನರ ನಡುವೆ ಹಾಗೆ ಮಾಡುವವರಲ್ಲ ಅವರು. ಮನೆಗೆ ಬಂದು ಹೇಳಿದಾಗ ಅತ್ತಿಗೆ ನನ್ನನ್ನು ತಬ್ಬಿಕೊಂಡು ಅತ್ತರು. ಅಜ್ಜಿ ಮಾತ್ರ ಕೂತಲ್ಲಿಂದ ಏಳಲಿಲ್ಲ. "ಅದ್ನ ನಾನ್ ಆವತ್ತೇ ಯೋಳಿರ್ನಿಲ್ವಾ?" ಎಂದಳು.

ಮುಂದಿನ ವರ್ಷ ನಾನು ಹುಣಸೂರಿನಲ್ಲಿ ಡಿಗ್ರಿಗೆ ಸೇರಿದೆ. ಅತ್ತಿಗೆಯ ಮುಯ್ಯಿಯನ್ನು ತೀರಿಸಲು ನನಗೆ ಆರು ವರ್ಷ ಹಿಡಿಯಿತು. ಕೆಲಸ ಸಿಕ್ಕ ಮೊದಲ ವರ್ಷವೇ ಅವರನ್ನು ಮುಕ್ತ ವಿಶ್ವವಿದ್ಯಾಲಯಕ್ಕೆ ಕಟ್ಟಿಸಿದೆ, ಅರ್ಜಿ ಬರೆದವಳೂ ನಾನೇ. ಎರಡು ಮಕ್ಕಳನ್ನು ಇಟ್ಟುಕೊಂಡು ಪಾಸಾದರು, ನನಗಿಂತ ಹೆಚ್ಚು ನಂಬರಿನಲ್ಲಿ. ಈಗಲೂ ಮೊಬೈಲಿನಲ್ಲಿ ಅವರ ಜೊತೆ ಆಡಿದರೆ ಸೋಲುವವಳು ನಾನೇ.

ಆದರೆ ಆ ಗುಂಡಿಯ ವಿಷಯ ಹೇಳಬೇಕು. ರಿಸಲ್ಟು ಬಂದ ಮೇಲಿನ ಸಂಕ್ರಾಂತಿ ಕಳೆದು ಒಂದು ಮಧ್ಯಾಹ್ನ ಹುಣಸೂರಿನ ಟೈಪಿಂಗ್ ಕ್ಲಾಸಿನಿಂದ ಬೇಗ ಬಂದೆ. ಎಲೆಯೆಲ್ಲ ಮಾರಾಟಕ್ಕೆ ಹೋಗಿ ನಡುಮನೆ ಖಾಲಿ ಇತ್ತು, ವಾಸನೆ ಮಾತ್ರ ಉಳಿದಿತ್ತು. ಅತ್ತಿಗೆ ಬಾಣಂತನಕ್ಕೆ ಸರಗೂರಿಗೆ ಹೋಗಿದ್ದರು, ಉಳಿದವರು ಹೊಲದಲ್ಲಿ. ಒಳಗಿನಿಂದ ಟುಂಯ್ ಟುಂಯ್ ಸದ್ದು. ಇಣುಕಿದೆ. ಅಜ್ಜಿ ಟೀವಿಯಿಂದ ಮೂರಡಿಯಲ್ಲಿ ಕಾಲು ಚಾಚಿ ಕೂತು, ಅತ್ತಿಗೆಯ ಜಾಯ್‌ಸ್ಟಿಕ್ ಹಿಡಿದು, ನಾಲಗೆ ಕಚ್ಚಿಕೊಂಡು, ಎಡಕ್ಕೂ ಬಲಕ್ಕೂ ವಾಲುತ್ತಾ ಟ್ಯಾಂಕಿ ಆಟ ಆಡುತ್ತಿದ್ದಳು. ನನ್ನ ನೆರಳು ನೆಲದ ಮೇಲೆ ಬಿದ್ದದ್ದೇ ತಡ, ಕೆಳಗೆ ನೋಡದೆಯೇ ಅವಳ ಹೆಬ್ಬೆರಳು ನಡುವಿನ ಗುಂಡಿ ಒತ್ತಿತು. ಪರದೆ ನಿಂತಿತು. ಎಷ್ಟು ದಿನದ ಅಭ್ಯಾಸವೋ.

"ಪಾಸ್ ಮಾಡಿವ್ನಿ ಕಣವ್ವ" ಎಂದಳು ಅಜ್ಜಿ. "ಕಾಪಿ ಕಾಯುಸ್ಲಾ?"

ನಾನು ಬಾಗಿಲಲ್ಲೇ ನಿಂತೆ. "ಅಜ್ಜಿ, ಪಾಸ್ ಅಂದ್ರೆ ಏನು ಅಂತ ನಿಂಗೆ ಗೊತ್ತಿತ್ತಾ? ಅವರು ಬಂದಿದ್ರಲ್ಲ, ಆವತ್ತೂ ಗೊತ್ತಿತ್ತಾ?"

ಅಜ್ಜಿ ಪರದೆಯ ಮೇಲೆ ನಿಂತ ಟ್ಯಾಂಕನ್ನೇ ನೋಡುತ್ತಿದ್ದಳು.

"ನಿಮ್ಮಪ್ಪಂಗೆ ಯಾವಾಗ್ಲೂ ಅವಸ್ರ ಕಣವ್ವ" ಎಂದಳು. "ಸೌದೆ ತುರುಕಾಕೆ ಯಾರ್ಗಾದ್ರೂ ಬತ್ತದೆ. ಎಲೆ ಅಳ್ದಿ ಆಗೋಗಂಟ ಕಾವು ನಿಲ್ಸಿ ಇಟ್ಕೊಬೇಕಲ್ಲ, ಅದು ಎಲ್ರಿಗೂ ಬರಾಕಿಲ್ಲ."

ನನ್ನ ಕಣ್ಣು ತುಂಬಿತು. ಅಜ್ಜಿ ಅದನ್ನು ಗಮನಿಸದವಳಂತೆ ಪಕ್ಕದ ನೆಲವನ್ನು ಸೆರಗಿನಿಂದ ಒರೆಸಿ, ನನ್ನ ಜಾಯ್‌ಸ್ಟಿಕ್ಕನ್ನು ಅಲ್ಲಿಟ್ಟಳು.

"ಕಾಪಿ ಆಮ್ಯಾಕೆ ಮಾಡಾನ. ಬಾ, ಕೂತ್ಕೊ."